ಮಲೆನಾಡಿನ ಗುಡಿಗಾರರ ಕಲೆಯೂ ಅದರ ವ್ಯವಹಾರವೂ

ಕಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೃತಿಯ ಅಂದಚಂದಗಳನ್ನು ವರ್ಣಿಸುವರು. ಅದನ್ನು ಮಾಡಿಸಿದ ಅರಸರ ಔದಾರ್ಯವನ್ನು ಕೊಂಡಾಡುವರು. ಆ ಕೃತಿಯನ್ನು ಮಾಡಿದಾತನು ಮರವನ್ನು ಎಲ್ಲಿಂದ ತಂದನು, ಕೆಲಸವು ಮುಗಿಯುವ ತನಕ ಅವನ ಮನೆಯ ಒಲೆಯು ಹೇಗೆ ಉರಿಯಿತು, ಮುಗಿದ ಮೇಲೆ ಅವನಿಗೆ ದೊರೆತ ಹಣವು ಅವನ ಶ್ರಮಕ್ಕೆ ತಕ್ಕುದಾಗಿದ್ದಿತೇ ಎಂದು ಕೇಳುವವರು ವಿರಳ. ಕಲೆಯು ಸರಸ್ವತಿಯ ಪ್ರಸಾದವೆಂಬುದು ನಿಜವಾದರೂ ಕಲಾವಿದನ ಸಂಸಾರವು ನಡೆಯುವುದು ಅಕ್ಕಿಬೇಳೆಗಳಿಂದಲೇ. ಈ ಎರಡನೆಯ ಸಂಗತಿಯನ್ನು ಮರೆತ ನಾಡಿನಲ್ಲಿ ಮೊದಲನೆಯದೂ ಬಹುಕಾಲ ನಿಲ್ಲಲಾರದು. ಸಾಗರ, ಹೊಸನಗರ, ತೀರ್ಥಹಳ್ಳಿಗಳೆಂಬ ಮೂರು ಸೀಮೆಗಳಲ್ಲಿ ಕೆಳದಿಯ ಅರಸರ ಕಾಲದಿಂದ ಬೆಳೆದುಬಂದ ಮರಗೆತ್ತನೆಯ ಚರಿತ್ರೆಯು ಇದಕ್ಕೆ ಸಾಕ್ಷಿಯಾಗಿದೆ.

ಈ ಮೂರು ಸೀಮೆಗಳು ಇಂದು ಬೇರೆ ಬೇರೆ ತಾಲ್ಲೂಕುಗಳಾಗಿದ್ದರೂ ಚರಿತ್ರೆಯ ದೃಷ್ಟಿಯಿಂದ ಒಂದೇ ಮನೆಯ ಮೂರು ಅಂಕಣಗಳು. ಕ್ರಿ. ಶ. ೧೪೯೯ರಿಂದ ೧೭೬೩ರವರೆಗೆ ಆಳಿದ ಕೆಳದಿಯ ವೀರಶೈವ ಅರಸರ ಮೊದಲ ಎರಡು ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿಗಳು ಸಾಗರದ ಸೀಮೆಯಲ್ಲಿವೆ. ತರುವಾಯ ರಾಜಧಾನಿಯಾದ ಬಿದನೂರು, ಎಂದರೆ ಇಂದಿನ ನಗರವು, ಹೊಸನಗರದ ಸೀಮೆಯಲ್ಲಿದೆ. ಆ ವಂಶದವರ ಬಲವಾದ ಗಿರಿದುರ್ಗವಾಗಿದ್ದ ಕವಲೇದುರ್ಗವು ತೀರ್ಥಹಳ್ಳಿಯ ಸೀಮೆಯಲ್ಲಿದೆ. ಸಾಗರವೆಂಬ ಹೆಸರು ಸಹ ಸದಾಶಿವನಾಯಕನು ಕಟ್ಟಿಸಿದ ಸದಾಶಿವಸಾಗರವೆಂಬ ಕೆರೆಯಿಂದ ಬಂದುದೆಂದು ಪ್ರತೀತಿಯಿದೆ. ಇಂತಹ ರಾಜ್ಯದಲ್ಲಿ ದೇವಾಲಯ, ಮಠ, ಅರಮನೆ, ರಥ, ಪಲ್ಲಕ್ಕಿಗಳ ಕೆಲಸಕ್ಕೆ ಕೈಗಳು ಬೇಕಾಗಿದ್ದುದು ಸಹಜವೇ ಸರಿ.

ಆ ಕೈಗಳಲ್ಲಿ ಗುಡಿಗಾರರವು ಮುಖ್ಯವಾದವು. ಗುಡಿಯ ಕೆಲಸವನ್ನು ಮಾಡುವವರಾದುದರಿಂದ ಅವರಿಗೆ ಈ ಹೆಸರು ಬಂದಿತೆಂದು ಹೇಳುವರು. ಚಿತ್ತಾರಿಗಳೆಂಬ ಹೆಸರೂ ಅವರಿಗುಂಟು. ಗೋವೆಯ ಸೀಮೆಯಲ್ಲಿ ಪೋರ್ಚುಗೀಸರ ಉಪದ್ರವವು ಹೆಚ್ಚಿದಾಗ ತಮ್ಮ ಹಿರಿಯರು ಘಟ್ಟವನ್ನೇರಿ ಬಂದು ಈ ರಾಜ್ಯದ ಆಶ್ರಯವನ್ನು ಪಡೆದರೆಂಬುದು ಅವರಲ್ಲಿ ನಡೆದುಬಂದಿರುವ ಹೇಳಿಕೆ. ಸಾಗರ, ಸೊರಬ, ಸಿದ್ಧಾಪುರ, ಶಿರಸಿ, ಕುಮಟೆ, ಹೊನ್ನಾವರಗಳಲ್ಲಿ ಅವರ ಮನೆಗಳು ಹರಡಿಕೊಂಡಿವೆ. ಗಂಧದ ಕೆತ್ತನೆಯೊಂದೇ ಅವರ ವಿದ್ಯೆಯಲ್ಲ. ರಥದ ಗೊಂಬೆ, ದೇವರ ಪ್ರಭಾವಳಿ, ಗಣಪತಿಯ ಮಣ್ಣಿನ ಮೂರ್ತಿ, ಮದುವೆಗೆ ಬೆಂಡಿನ ಬಾಸಿಂಗ, ಯಕ್ಷಗಾನದ ಕಿರೀಟಭೂಷಣಗಳು, ಬಣ್ಣದ ಚಿತ್ತಾರ, ಇವೆಲ್ಲವೂ ಅವರ ಕೈಯಿಂದಲೇ ಆಗತಕ್ಕವು. ವರ್ಷದ ಹನ್ನೆರಡು ತಿಂಗಳಲ್ಲಿ ಯಾವ ಕಾಲಕ್ಕೆ ಯಾವ ವಸ್ತುವಿಗೆ ಗಿರಾಕಿಯುಂಟೆಂಬುದನ್ನು ಅರಿತು, ಭಾದ್ರಪದಕ್ಕೆ ಮಣ್ಣು, ಮದುವೆಯ ಕಾಲಕ್ಕೆ ಬೆಂಡು, ಜಾತ್ರೆಗೆ ಬಣ್ಣ, ಉಳಿದ ದಿನಗಳಿಗೆ ಮರ, ಎಂದು ಕೆಲಸವನ್ನು ಹಂಚಿಕೊಂಡುದು ಅವರ ವ್ಯವಹಾರಜ್ಞಾನಕ್ಕೆ ಮೊದಲನೆಯ ನಿದರ್ಶನವು. ಒಂದೇ ವಸ್ತುವನ್ನು ನಂಬಿದವನು ಆ ವಸ್ತುವಿನೊಡನೆಯೇ ಮುಳುಗುವನೆಂಬುದನ್ನು ಅವರು ಬಲ್ಲವರಾಗಿದ್ದರು.

ಅರಸರ ಕಾಲದಲ್ಲಿ ಕಲಾವಿದನಿಗೂ ಅವನ ಕೃತಿಯನ್ನು ಪಡೆಯುವವನಿಗೂ ನಡುವೆ ಮೂರನೆಯವನು ಇರಲಿಲ್ಲ. ದೇವಾಲಯದ ಕೆಲಸವೆಂದರೆ ಅರಮನೆಯ ಅಥವಾ ಮಠದ ಅಪ್ಪಣೆ. ಮರವು ಅವರದು, ಕೈಯು ಇವನದು. ಕೆಳದಿಯ ದೇವಾಲಯಗಳ ಗುಂಪಿನಲ್ಲಿ ವೀರಭದ್ರನ ಗುಡಿಯ ಮೇಲ್ಛಾವಣಿಯ ಗಂಡಭೇರುಂಡವನ್ನು ಕಲ್ಲಿನಲ್ಲಿಯೂ, ಪಾರ್ವತಿಯ ಗುಡಿಯ ಮೇಲ್ಛಾವಣಿಯ ಹೂಬಳ್ಳಿಗಳನ್ನು ಮರದಲ್ಲಿಯೂ ನೋಡಿದವರಿಗೆ ಆ ಕಾಲದ ಕೆಲಸಗಾರರು ಅವಸರವನ್ನು ಅರಿಯದವರೆಂದು ತಿಳಿಯುವುದು. ೧೬೨೩ರಲ್ಲಿ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಗೋವೆಯ ರಾಯಭಾರದೊಡನೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಇಕ್ಕೇರಿಯ ಪಟ್ಟಣವನ್ನೂ ಅಲ್ಲಿಯ ದೇವಾಲಯವನ್ನೂ ಕುತೂಹಲದಿಂದ ಬಣ್ಣಿಸಿದ್ದಾನೆ. ಕರಿಮೆಣಸು, ಅಕ್ಕಿಗಳ ವ್ಯಾಪಾರದಿಂದ ಬಂದ ಸಂಪತ್ತು ಘಟ್ಟದ ಮೇಲೆ ಗುಡಿಯಾಗಿಯೂ ಮಠವಾಗಿಯೂ ನಿಂತಿತು. ಹೀಗೆ ಕಡಲ ತೀರದ ವ್ಯಾಪಾರಕ್ಕೂ ಕಾಡಿನ ನಡುವಣ ಉಳಿಯ ಸದ್ದಿಗೂ ಸಂಬಂಧವಿದ್ದಿತು.

ಅರಮನೆ ದೇವಾಲಯಗಳಲ್ಲದೆ ಇನ್ನೊಂದು ಬಗೆಯ ಗಿರಾಕಿಯೂ ಇದ್ದನು. ಅವನು ಮಲೆನಾಡಿನ ಗೃಹಸ್ಥನು. ಮಣ್ಣಿನ ಗೋಡೆ, ಮರದ ಮುಂಡಿಗೆ, ಕೆತ್ತನೆಯ ಬಾಗಿಲುವಾಡಗಳುಳ್ಳ ದೊಡ್ಡ ಮನೆಗಳು ಈ ಸೀಮೆಯ ಹೆಮ್ಮೆ. ತೀರ್ಥಹಳ್ಳಿಯ ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆಯು ಇಂದಿಗೂ ಅಂತಹ ಮನೆಗಳ ಮಾದರಿಯಾಗಿ ನಿಂತಿದೆ. ಇದಲ್ಲದೆ ಜಾತ್ರೆಗಳಿದ್ದವು. ತೀರ್ಥಹಳ್ಳಿಯಲ್ಲಿ ತುಂಗೆಯ ತೀರದ ಎಳ್ಳಮಾವಾಸ್ಯೆಯ ಜಾತ್ರೆ, ಸಾಗರದಲ್ಲಿ ಮೂರು ವರ್ಷಗಳಿಗೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆ, ಇವು ಭಕ್ತಿಯ ಕೂಟಗಳಾದಂತೆ ವ್ಯಾಪಾರದ ಕೂಟಗಳೂ ಆಗಿದ್ದವು. ಮಾಡಿದವನು ತನ್ನ ಮುಂದೆ ವಸ್ತುವನ್ನಿಟ್ಟುಕೊಂಡು ಕುಳಿತಿರುವನು; ಕೊಳ್ಳುವವನು ಅದನ್ನು ಕೈಯಲ್ಲಿ ಹಿಡಿದು ನೋಡುವನು; ಚೌಕಾಸಿಯು ನಡೆಯುವುದು; ಮುಂದಿನ ಜಾತ್ರೆಗೆ ಇಂಥದೇ ಇನ್ನೊಂದು ಬೇಕೆಂದು ಮಾತು ಕೊಟ್ಟು ಅವನು ಹೋಗುವನು. ವ್ಯಾಪಾರಶಾಸ್ತ್ರವೆಂದು ಇಂದು ಓದಿಸಲ್ಪಡುವುದರ ಬಹುಭಾಗವು ಈ ನಾಲ್ಕು ಮಾತುಗಳಲ್ಲಿ ಅಡಗಿದೆ.

ಇಲ್ಲಿ ಹೆಸರಿನ ವಿಷಯವಾಗಿ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಭಕ್ತರಿಗೆ ಪೂಜ್ಯವಾದ ಬಳ್ಳಿಗಾವೆಯು ಇದೇ ಶಿವಮೊಗ್ಗ ಸೀಮೆಯದು. ಹನ್ನೆರಡನೆಯ ಶತಮಾನದಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯದ ಕೆಲಸಕ್ಕೆ ಹೋದ ಶಿಲ್ಪಿಗಳಲ್ಲಿ ಆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದರು. ಅವರು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನೂ ಬಿರುದುಗಳನ್ನೂ ಕೆತ್ತಿ ಹೋಗಿದ್ದಾರೆ. ಇದನ್ನು ಅಹಂಕಾರವೆಂದು ತಿಳಿಯುವುದು ಸರಿಯಲ್ಲ. ಊರೂರಿಗೆ ಹೋಗಿ ಕೆಲಸ ಮಾಡುವ ಶಿಲ್ಪಿಗೆ ಹೆಸರೇ ಬಂಡವಾಳ. ಇಂಥವನು ಮಾಡಿದನೆಂದು ಕಲ್ಲು ಹೇಳಿದರೆ ಮುಂದಿನ ದೇವಾಲಯದವರು ಅವನನ್ನು ಕರೆಸುವರು. ಮಲೆನಾಡಿನ ಮರಗೆಲಸದವರು ಈ ಪದ್ಧತಿಯನ್ನು ಅನುಸರಿಸಿದಂತೆ ತೋರುವುದಿಲ್ಲ. ಮರವು ಕಲ್ಲಿನಂತೆ ಶಾಸನವಾಗಿ ನಿಲ್ಲುವುದಿಲ್ಲ. ಅರಸನು ಮನೆಯ ಬಾಗಿಲಲ್ಲಿಯೇ ಇದ್ದಾಗ ಹೆಸರನ್ನು ಸಾರುವ ಅಗತ್ಯವೂ ಇರಲಿಲ್ಲ. ಆದರೆ ಅರಸನು ಇಲ್ಲದಾದಾಗ ಈ ಕೊರತೆಯು ತನ್ನ ಫಲವನ್ನು ತೋರಿಸಿತು.

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ರಾಣಿ ವೀರಮ್ಮಾಜಿಯು ಸೆರೆಯಾದಳು. ಕೆಳದಿಯ ರಾಜ್ಯವು ಮುಗಿಯಿತು. ಒಂದು ರಾಜ್ಯವು ಅಳಿದಾಗ ಸೈನಿಕನು ಇನ್ನೊಬ್ಬ ದೊರೆಯ ಸೈನ್ಯವನ್ನು ಸೇರಬಲ್ಲನು. ಒಕ್ಕಲಿಗನು ಅದೇ ಗದ್ದೆಯನ್ನು ಉಳಬಲ್ಲನು. ಗುಡಿಯ ಕೆಲಸದವನ ಪಾಡು ಬೇರೆ. ಅವನ ವಿದ್ಯೆಯನ್ನು ಬಯಸುತ್ತಿದ್ದ ಆಶ್ರಯವೇ ಕುಸಿದುಬಿದ್ದಿತು. ಇದರ ಮೇಲೆ, ೧೭೯೨ರಲ್ಲಿ ಟೀಪೂ ಸುಲ್ತಾನನು ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದನು. ಅಂದಿನಿಂದ ಮರವು ಯಾರ ಹಿತ್ತಿಲಿನಲ್ಲಿ ಬೆಳೆದರೂ ಅದರ ಒಡೆತನವು ಸರ್ಕಾರದ್ದಾಯಿತು. ಮೈಸೂರು ಸಂಸ್ಥಾನವೂ ಆ ಪದ್ಧತಿಯನ್ನು ಮುಂದುವರಿಸಿತು. ಗಂಧವನ್ನು ಕೋಠಿಗಳಲ್ಲಿ ದರ್ಜೆಗಳಾಗಿ ವಿಂಗಡಿಸಿ, ತೂಕಮಾಡಿ, ಹರಾಜಿನಲ್ಲಿ ಮಾರುವ ಕ್ರಮವು ಬೆಳೆಯಿತು. ದೂರದೇಶದ ಸಾಹುಕಾರರೂ ಕೂಗುವ ಹರಾಜಿನಲ್ಲಿ, ಎರಡು ಪೆಟ್ಟಿಗೆಗೆ ಸಾಕಾಗುವಷ್ಟು ಮರವನ್ನು ಬಯಸುವ ಕೆಲಸಗಾರನ ಕೂಗು ಯಾರಿಗೆ ಕೇಳೀತು? ಹೀಗೆ ಗಿರಾಕಿಯೂ ಸಾಮಗ್ರಿಯೂ ಒಟ್ಟಿಗೆ ಅವನಿಂದ ದೂರವಾದವು. ಕೈಯಲ್ಲಿ ಉಳಿದುದು ಉಳಿಯೊಂದೇ.

ಆದರೂ ವಿದ್ಯೆಯು ಅಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಬಗೆಯ ಗಿರಾಕಿಗಳು ಕಾಣಿಸಿಕೊಂಡರು. ಆಂಗ್ಲ ಅಧಿಕಾರಿಗಳಿಗೆ ಬರೆಯುವ ಮೇಜಿನ ಪೆಟ್ಟಿಗೆ, ಅವರ ಮಡದಿಯರಿಗೆ ಆಭರಣದ ಪೆಟ್ಟಿಗೆ, ಬೀಸಣಿಗೆ, ಕಾಗದ ಕತ್ತರಿಸುವ ಚೂರಿ, ದೊಡ್ಡವರಿಗೆ ಬಿನ್ನವತ್ತಳೆಯನ್ನು ಒಪ್ಪಿಸುವಾಗ ಅದನ್ನಿಡಲು ಕರಂಡಕ, ಇವುಗಳಿಗೆ ಬೇಡಿಕೆ ಬಂದಿತು. ಗುಡಿಯ ಪ್ರಭಾವಳಿಯಲ್ಲಿದ್ದ ಬಳ್ಳಿಯು ಪೆಟ್ಟಿಗೆಯ ಮುಚ್ಚಳವನ್ನೇರಿತು. ಮೈಸೂರು ಗೆಜೆಟಿಯರನ್ನು ರಚಿಸಿದ ಬಿ. ಎಲ್. ರೈಸ್ ಎಂಬ ವಿದ್ವಾಂಸನು ಸೊರಬ ಸಾಗರಗಳ ಈ ಕೆಲಸವನ್ನು ವಿವರವಾಗಿ ವರ್ಣಿಸಿದ್ದಾನೆ. ಹಲಗೆಯನ್ನು ಕೀಸುಳಿಯಿಂದ ನಯಮಾಡಿ, ಮೇಲೆ ಬಿಳಿಯ ಕಾಗದವನ್ನಂಟಿಸಿ, ಅದರ ಮೇಲೆ ಚಿತ್ರವನ್ನು ಬರೆದು, ರೇಖೆಗಳನ್ನು ಕೊರೆದು, ಬೇಡವಾದ ಭಾಗವನ್ನು ಆಳಕ್ಕೆ ತೆಗೆದು, ಉಳಿದುದರಲ್ಲಿ ಬಳ್ಳಿ, ಎಲೆ, ಪ್ರಾಣಿ, ದೇವತೆಗಳನ್ನು ಬಿಡಿಸುವರು. ಎಳ್ಳುಕಾಳಿನಷ್ಟು ಜಾಗವನ್ನೂ ಬರಿದಾಗಿ ಬಿಡರು. ಒಂದು ದೊಡ್ಡ ಪೆಟ್ಟಿಗೆಗೆ ಹಲವು ತಿಂಗಳುಗಳು ಹಿಡಿಯುವುವು. ಈ ಸೂಕ್ಷ್ಮ ಕೆಲಸದಿಂದ ಕಲಾವಿದರು ಬೇಗನೆ ದೃಷ್ಟಿಯನ್ನು ಕಳೆದುಕೊಳ್ಳುವರೆಂಬ ಮಾತನ್ನೂ ಅವನು ಸೇರಿಸಿದ್ದಾನೆ.

ಈ ಕೊನೆಯ ಮಾತನ್ನು ವಾಚಕರು ಸುಮ್ಮನೆ ದಾಟಿ ಹೋಗಬಾರದು. ಇದರಲ್ಲಿ ಬೆಲೆಯ ಪ್ರಶ್ನೆಯೆಲ್ಲವೂ ಅಡಗಿದೆ. ಒಂದು ಪೆಟ್ಟಿಗೆಯ ಬೆಲೆಯೆಂದರೆ ಮರದ ತೂಕದ ಬೆಲೆಯಲ್ಲ. ಕೊರೆದು ತೆಗೆದ ಪುಡಿಯಾಗಿ ಹೋದ ಮರದ ಬೆಲೆಯೂ ಸೇರಬೇಕು. ಕೆಲಸದ ತಿಂಗಳುಗಳಲ್ಲಿ ಮನೆಯವರು ಉಂಡ ಅನ್ನದ ಬೆಲೆಯೂ ಸೇರಬೇಕು. ಉಳಿಗಳನ್ನು ಮಸೆಯುವ ಹೊತ್ತು, ಬಿರುಕು ಬಿಟ್ಟು ಹಾಳಾದ ಹಲಗೆ, ಶಿಷ್ಯನು ಕಲಿಯುವಾಗ ಕೆಡಿಸಿದ ತುಂಡು, ಇವೂ ಸೇರಬೇಕು. ಕಣ್ಣು ಮಂಜಾದ ಮೇಲೆ ಬದುಕಬೇಕಾದ ವರ್ಷಗಳಿಗೂ ಒಂದು ಪಾಲು ಬೇಕು. ಕಲಾವಿದನು ಸಾಮಾನ್ಯವಾಗಿ ಮೊದಲನೆಯದನ್ನು ಲೆಕ್ಕಹಾಕುವನು, ಎರಡನೆಯದನ್ನು ಅರ್ಧ ಲೆಕ್ಕಹಾಕುವನು, ಉಳಿದುವನ್ನು ಮರೆಯುವನು. ಕೆಲಸ ಮುಗಿಯುವ ಮುನ್ನವೇ ಸಾಲವು ಬಾಗಿಲಿಗೆ ಬಂದಿರುವುದು. ಆಗ ಮುಂಗಡ ಕೊಟ್ಟ ವ್ಯಾಪಾರಿಯು ಹೇಳಿದುದೇ ಬೆಲೆಯಾಗುವುದು. ಆ ವ್ಯಾಪಾರಿಯೂ ಸುಮ್ಮನೆ ಲಾಭ ಪಡೆಯುವವನಲ್ಲ; ಗಿರಾಕಿಯು ಬರುವ ತನಕ ಹಣವನ್ನು ಕಟ್ಟಿಕೊಂಡು ಕಾಯುವವನು ಅವನೇ. ಆದರೆ ಕಾಯುವ ಶಕ್ತಿಯು ಯಾರಿಗಿರುವುದೋ ಬೆಲೆಯನ್ನು ಕಟ್ಟುವ ಅಧಿಕಾರವೂ ಅವನಿಗೇ ಸೇರುವುದೆಂಬುದು ವ್ಯವಹಾರದ ನಿಯಮ.

ಇದೇ ಕಾಲದಲ್ಲಿ ವಸ್ತುಪ್ರದರ್ಶನಗಳೆಂಬ ಹೊಸ ಏರ್ಪಾಡು ಬಂದಿತು. ೧೮೫೧ರಲ್ಲಿ ಲಂಡನ್ ನಗರದಲ್ಲಿ ನಡೆದ ಮಹಾಪ್ರದರ್ಶನದ ತರುವಾಯ ಲೋಕದ ದೊಡ್ಡ ಪಟ್ಟಣಗಳಲ್ಲಿ ಇಂಥವು ಹೆಚ್ಚಿದವು. ೧೯೦೩ರ ದೆಹಲಿ ದರ್ಬಾರಿನೊಡನೆ ಏರ್ಪಟ್ಟ ಕಲಾಪ್ರದರ್ಶನದಲ್ಲಿ ಮೈಸೂರಿನ ಗಂಧದ ಕೆತ್ತನೆಯೂ ಇದ್ದಿತು. ಮೈಸೂರಿನ ದಸರೆಯ ಪ್ರದರ್ಶನವೂ, ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟೂ ಈ ವಿದ್ಯೆಗೆ ಪ್ರೋತ್ಸಾಹವನ್ನಿತ್ತವು. ಪ್ರದರ್ಶನದಿಂದ ಪ್ರಶಸ್ತಿ ಬರುವುದು, ಪ್ರಶಸ್ತಿಯಿಂದ ಹೆಸರು ಹರಡುವುದು. ಆದರೆ ಆ ಹೆಸರು ಬಹುಮಟ್ಟಿಗೆ ಮೈಸೂರಿನದಾಯಿತೇ ಹೊರತು ಸಾಗರದ ಇಂಥ ಬೀದಿಯ ಇಂಥ ಮನೆಯವನದಾಗಲಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ವಸ್ತುವನ್ನು ನೋಡಿ ಮೆಚ್ಚಿದವನಿಗೆ ಇನ್ನೊಂದನ್ನು ಮಾಡಿಸಬೇಕೆಂದರೆ ಯಾರಿಗೆ ಕಾಗದ ಬರೆಯಬೇಕೆಂಬುದು ತಿಳಿಯದು. ಮೆಚ್ಚುಗೆಯು ಬೇಡಿಕೆಯಾಗಿ ಬದಲಾಗುವ ಹಾದಿಯಲ್ಲಿ ವಿಳಾಸವೆಂಬ ಸಣ್ಣ ಸೇತುವೆಯಿಲ್ಲದೆ ಎಷ್ಟೋ ಗಿರಾಕಿಗಳು ಆಚೆಯ ದಡದಲ್ಲಿಯೇ ನಿಂತರು.

ಹೆಸರಿನ ಮಹಿಮೆಯನ್ನು ಅರಿಯಬೇಕಾದರೆ ಅದೇ ಗಂಧದ ಮರದ ಇನ್ನೊಂದು ಕಥೆಯನ್ನು ನೋಡಬೇಕು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಗಲು ಯೂರೋಪಿಗೆ ಹೋಗುತ್ತಿದ್ದ ಗಂಧದ ವ್ಯಾಪಾರವು ನಿಂತಿತು; ಕೋಠಿಗಳಲ್ಲಿ ಮರವು ರಾಶಿಬಿದ್ದಿತು. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, ೧೯೧೬ರಲ್ಲಿ, ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಕೆಲಸವು ಆರಂಭವಾಯಿತು. ೧೯೧೮ರಲ್ಲಿ ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ ಮೈಸೂರು ಸ್ಯಾಂಡಲ್ ಸೋಪು ಹೊರಟಿತು. ಅದಕ್ಕೆ ಶರಭದ ಮುದ್ರೆಯನ್ನೊತ್ತಿದರು. ಇತರ ಸಾಬೂನುಗಳಂತೆ ಇಟ್ಟಿಗೆಯಾಕಾರವಲ್ಲದೆ ಅಂಡಾಕಾರವನ್ನು ಕೊಟ್ಟರು. ಆಭರಣವನ್ನಿಡುವಂತೆ ಅಂದವಾದ ಪೆಟ್ಟಿಗೆಯಲ್ಲಿಟ್ಟರು. ತರುವಾಯ, ೧೯೪೪ರಲ್ಲಿ, ಶಿವಮೊಗ್ಗದಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಯಾಯಿತು. ಮರವು ಒಂದೇ, ಆದರೆ ಎಣ್ಣೆಯಾಗಿ ಸಾಬೂನಾಗಿ ಹೊರಟ ಗಂಧಕ್ಕೆ ಆಕಾರ, ಮುದ್ರೆ, ಹೆಸರು, ಅಂಗಡಿಗಳು ಇದ್ದವು, ಕೆತ್ತನೆಯಾಗಿ ಹೊರಟ ಗಂಧಕ್ಕೆ ಪರಿಮಳವೊಂದೇ ಇದ್ದಿತು. ಸಾಬೂನನ್ನು ಕೊಂಡವನು ಮತ್ತೊಮ್ಮೆ ಅದನ್ನೇ ಹೆಸರಿಟ್ಟು ಕೇಳುವನು. ಕೆತ್ತನೆಯನ್ನು ಕೊಂಡವನು ಏನೆಂದು ಕೇಳಬೇಕು?

ಸ್ವಾತಂತ್ರ್ಯದ ತರುವಾಯ ಸರ್ಕಾರವು ಈ ಕಡೆಗೆ ಗಮನವನ್ನು ಹರಿಸಿತು. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯು ಸ್ಥಾಪಿತವಾಯಿತು. ೧೯೬೪ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ಹುಟ್ಟಿ, ಕಾವೇರಿ ಎಂಬ ಹೆಸರಿನ ಅಂಗಡಿಗಳನ್ನು ತೆರೆಯಿತು. ಸಾಗರ ಸೊರಬಗಳಲ್ಲಿ ಗಂಧದ ಕೆಲಸಗಾರರಿಗಾಗಿ ಸಂಕೀರ್ಣಗಳಾದವು. ರಿಯಾಯಿತಿಯ ದರದಲ್ಲಿ ಮರವನ್ನು ಒದಗಿಸುವ ಏರ್ಪಾಡಾಯಿತು. ನಿಪುಣರಿಗೆ ರಾಷ್ಟ್ರಪ್ರಶಸ್ತಿಗಳು ದೊರೆತವು. ಅರಸನು ಹೋದ ಮೇಲೆ ಇನ್ನೊಂದು ಆಶ್ರಯವು ದೊರೆತಂತಾಯಿತು. ಇದರಿಂದ ಅನೇಕ ಕುಟುಂಬಗಳು ಬದುಕಿದವೆಂಬುದು ನಿರ್ವಿವಾದ. ಆದರೂ ಕೆಲಸಗಾರನಿಗೂ ಕೊಳ್ಳುವವನಿಗೂ ಮುಖಪರಿಚಯವಿಲ್ಲದ ಕೊರತೆಯು ಹಾಗೆಯೇ ಉಳಿಯಿತು. ದೂರದ ಪಟ್ಟಣದ ಅಂಗಡಿಯಲ್ಲಿ ಆನೆಯ ಗೊಂಬೆಯನ್ನು ಕೊಂಡವನು ಅದನ್ನು ಸಾಗರದ ಒಬ್ಬ ತಂದೆಯೂ ಮಗನೂ ಮಾಡಿದರೆಂದು ತಿಳಿಯಲಿಲ್ಲ. ಕೊಂಡವನಿಗೆ ಕಿವಿಯ ಅಂಚು ಒರಟಾಗಿ ತೋರಿತೆಂದು ಆ ತಂದೆಮಕ್ಕಳಿಗೂ ತಿಳಿಯಲಿಲ್ಲ.

ಇಷ್ಟರಲ್ಲಿ ಮರವೇ ವಿರಳವಾಗತೊಡಗಿತು. ಎಲೆಗಳು ಕಿರಿದಾಗಿ ರೆಂಬೆಗಳು ಕಡ್ಡಿಗಳಂತೆ ನಿಂತು ಮರವು ಸಾಯುವ ಸ್ಪೈಕ್ ಎಂಬ ರೋಗವು ೧೮೯೯ರಲ್ಲಿ ಕೊಡಗಿನಲ್ಲಿ ಗುರುತಿಸಲ್ಪಟ್ಟು, ಮುಂದೆ ಗಂಧದ ಕಾಡುಗಳಲ್ಲಿ ಹರಡಿತು. ಕಳ್ಳಸಾಗಣೆಯೂ ಸೇರಿಕೊಂಡಿತು. ತನ್ನ ನೆಲದಲ್ಲಿ ಬೆಳೆದ ಮರವು ತನ್ನದಲ್ಲವೆಂದ ಮೇಲೆ ಅದನ್ನು ಯಾವ ರೈತನು ನೆಟ್ಟು ಕಾಯುವನು? ೧೯೯೮ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ ಪಟ್ಟಿಯಲ್ಲಿ ಗಂಧವು ಅಪಾಯಕ್ಕೆ ಈಡಾಗಬಹುದಾದ ಮರಗಳಲ್ಲಿ ಸೇರಿತು. ೨೦೦೧ರಲ್ಲಿ ಅರಣ್ಯದ ಕಾನೂನು ತಿದ್ದುಪಡಿಯಾಗಿ, ನೆಲದ ಒಡೆಯನಿಗೆ ತನ್ನ ಗಂಧದ ಮರದ ಒಡೆತನವು ದೊರೆಯಿತು. ಆದರೆ ಗಂಧದ ಮರವು ಮಾವು ಹಲಸುಗಳಂತಲ್ಲ. ಪಕ್ಕದ ಗಿಡಗಳ ಬೇರಿನಿಂದ ಆಹಾರವನ್ನು ಹೀರಿ ಮೆಲ್ಲನೆ ಬೆಳೆಯತಕ್ಕುದು. ಅದರ ಒಳತಿರುಳು ಕೆತ್ತನೆಗೆ ತಕ್ಕಷ್ಟು ಬಲಿಯಲು ಹಲವು ಹತ್ತು ವರ್ಷಗಳು ಬೇಕು. ಆದುದರಿಂದ ಕೆಲಸಗಾರರು ಶಿವನಿ, ಬೀಟೆ, ಸಾಗುವಾನಿ ಮುಂತಾದ ಮರಗಳ ಕಡೆಗೆ ತಿರುಗಿದರು. ಇದರ ನಡುವೆ ಬೇರೆ ಮರಕ್ಕೆ ಗಂಧದ ವಾಸನೆಯನ್ನು ಹಚ್ಚಿ ಮಾರುವ ವಂಚನೆಯೂ ಪೇಟೆಗಳಲ್ಲಿ ಬೆಳೆಯಿತು. ಹೆಸರಿಲ್ಲದ ಸತ್ಯವಂತನೂ ಹೆಸರಿಲ್ಲದ ವಂಚಕನೂ ಒಂದೇ ಅಂಗಡಿಯ ಸಾಲಿನಲ್ಲಿ ನಿಂತಾಗ ಕೊಳ್ಳುವವನು ಅಗ್ಗದ ಕಡೆಗೆ ಕೈಚಾಚುವುದು ಆಶ್ಚರ್ಯವಲ್ಲ.

ಕಷ್ಟಗಳನ್ನು ಮಾತ್ರ ಎಣಿಸಿದರೆ ಚರಿತ್ರೆಯು ಅರ್ಧವಾಗುವುದು. ಈ ಸೀಮೆಯಲ್ಲಿಯೇ ಕಲೆಯನ್ನು ವ್ಯವಹಾರದೊಡನೆ ಹೊಂದಿಸಿಕೊಂಡ ಬೇರೆ ಪ್ರಯತ್ನಗಳೂ ನಡೆದಿವೆ. ಸಾಗರದ ಬಳಿಯ ಹೆಗ್ಗೋಡು ಎಂಬ ಅಡಕೆಯ ತೋಟಗಳ ಹಳ್ಳಿಯಲ್ಲಿ ೧೯೪೯ರಲ್ಲಿ ನೀನಾಸಂ ಎಂಬ ನಾಟಕಸಂಘವು ಹುಟ್ಟಿತು. ಅದರ ಪ್ರಾಣವಾಗಿದ್ದ ಕೆ. ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನವೆಂಬ ಪುಸ್ತಕಸಂಸ್ಥೆಯನ್ನೂ ಅಲ್ಲಿಂದಲೇ ನಡೆಯಿಸಿದರು. ಪುಸ್ತಕವನ್ನು ಪ್ರಕಟಿಸಬೇಕಾದರೆ ಬೆಂಗಳೂರು ಮೈಸೂರುಗಳಲ್ಲಿಯೇ ಇರಬೇಕೆಂದು ಜನರು ತಿಳಿದಿದ್ದ ಕಾಲವದು. ಹಳ್ಳಿಯ ಹೆಸರನ್ನೇ ಮುದ್ರೆಯಾಗಿ ಮಾಡಿಕೊಂಡು, ಅಲ್ಲಿಂದ ಹೊರಟ ಪುಸ್ತಕವೆಂದರೆ ಇಂತಹ ಗುಣದ್ದಾಗಿರುವುದೆಂಬ ನಂಬಿಕೆಯನ್ನು ವಾಚಕರಲ್ಲಿ ಹುಟ್ಟಿಸಿದುದು ಅವರ ಸಾಧನೆ. ೧೯೮೫ರಲ್ಲಿ ಆರಂಭವಾದ ತಿರುಗಾಟವೆಂಬ ಸಂಚಾರಿ ನಾಟಕತಂಡವು, ಪ್ರೇಕ್ಷಕನು ಬರುವನೆಂದು ಕಾಯದೆ, ತಾನೇ ಅವನ ಊರಿಗೆ ಹೋಗುವ ಪದ್ಧತಿಯನ್ನು ಹಿಡಿಯಿತು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಾಗ ಜಗತ್ತಿನ ಕಣ್ಣು ಆ ಹಳ್ಳಿಯ ಮೇಲೆ ಬಿದ್ದಿತು.

ಅದೇ ಹೆಗ್ಗೋಡಿನ ಮಗ್ಗುಲಿನ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ, ೧೯೯೬ರಲ್ಲಿ ಚರಕವೆಂಬ ಮಹಿಳೆಯರ ಸಹಕಾರ ಸಂಘವು ರೂಪುಗೊಂಡಿತು. ಅಡಕೆಯ ಚೊಗರು ಮೊದಲಾದ ಸಹಜ ಬಣ್ಣಗಳಲ್ಲಿ ಅದ್ದಿದ ನೂಲಿನಿಂದ ಕೈಮಗ್ಗದ ಬಟ್ಟೆಯನ್ನು ನೇಯ್ದು, ದೇಸಿ ಎಂಬ ಹೆಸರಿನ ಅಂಗಡಿಗಳ ಮೂಲಕ ಮಾರುವುದು ಅದರ ಕ್ರಮವಾಯಿತು. ಇಲ್ಲಿ ನೇಯುವವರು ಒಂದು ಸಂಘ, ಮಾರುವವರು ಒಂದು ಸಂಸ್ಥೆ. ಎರಡೂ ಒಂದೇ ಉದ್ದೇಶಕ್ಕೆ ಬದ್ಧವಾದವು. ಈ ಹಾದಿಯೂ ಹೂವಿನ ಹಾಸಿಗೆಯಲ್ಲ. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಅವರು ಕರನಿರಾಕರಣೆಯ ಸತ್ಯಾಗ್ರಹವನ್ನೇ ಹೂಡಬೇಕಾಯಿತು. ಯಂತ್ರದ ಸರಕಿನ ಎದುರಿಗೆ ಕೈಯ ಸರಕು ಎಂದಿಗೂ ಅಗ್ಗವಾಗಲಾರದು. ಆದುದರಿಂದ ಅದು ಅಗ್ಗದ ಹೆಸರಿನಿಂದಲ್ಲ, ನಂಬಿಕೆಯ ಹೆಸರಿನಿಂದಲೇ ಮಾರಾಟವಾಗಬೇಕು.

ಕರ್ಣಾಟಕದ ಇತರ ಕಡೆಗಳಲ್ಲಿಯೂ ಈ ಅರಿವು ಮೂಡಿದೆ. ಭೌಗೋಳಿಕ ಗುರುತಿನ ಕಾನೂನು ಬಂದ ಮೇಲೆ ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಗೊಂಬೆ, ಮೈಸೂರಿನ ಬೀಟೆಮರದ ಕೆತ್ತುಕೂರಿಕೆಯ ಕೆಲಸ, ಇವುಗಳಿಗೆ ಊರಿನ ಹೆಸರಿನ ರಕ್ಷಣೆಯು ದೊರೆತಿದೆ. ಒಬ್ಬನ ಹೆಸರು ಸಾಲದಿರುವಲ್ಲಿ ಊರಿನ ಹೆಸರೇ ಎಲ್ಲರಿಗೂ ಬಿರುದಾಗಬಲ್ಲದು. ಸಾಗರದ ಕೆಲಸಗಾರರ ಮನೆಯ ಮಕ್ಕಳು ಇಂದು ಕೈಯಲ್ಲಿನ ದೂರವಾಣಿಯಿಂದಲೇ ಕೃತಿಯ ಚಿತ್ರವನ್ನು ತೆಗೆದು ದೂರದ ಗಿರಾಕಿಗೆ ಕಳುಹಬಲ್ಲರು. ಹಣವು ಕ್ಷಣಮಾತ್ರದಲ್ಲಿ ಬರಬಲ್ಲದು. ವಸ್ತುವು ಅಂಚೆಯಲ್ಲಿ ಹೋಗಬಲ್ಲದು. ಜಾತ್ರೆಯಲ್ಲಿ ನಡೆಯುತ್ತಿದ್ದ ನೇರವಾದ ಮಾತುಕತೆಯು ಎರಡೂವರೆ ಶತಮಾನಗಳ ಬಳಿಕ ಬೇರೆ ರೂಪದಲ್ಲಿ ಮರಳಿದೆ. ಆದರೆ ಉಪಕರಣವು ಬದಲಾದರೂ ನಿಯಮವು ಬದಲಾಗದು. ಹೇಳಿದ ದಿನಕ್ಕೆ ಕೊಡುವುದು, ಮರವು ಯಾವುದೆಂಬುದನ್ನು ಮರೆಮಾಚದೆ ಹೇಳುವುದು, ಖರ್ಚುವೆಚ್ಚಗಳನ್ನು ಬರೆದಿಡುವುದು, ದೊಡ್ಡ ಕೃತಿಗೆ ಮುಂಗಡವನ್ನು ಕೇಳಲು ನಾಚದಿರುವುದು, ದೊಡ್ಡ ಕೆಲಸವಿಲ್ಲದ ದಿನಗಳಿಗಾಗಿ ಸಣ್ಣ ವಸ್ತುಗಳನ್ನು ಮಾಡಿಡುವುದು, ಇವು ಇಂದಿಗೂ ವ್ಯವಹಾರದ ಪಂಚಾಂಗ. ಹಿಂದಿನವರು ಕೆತ್ತುವಾಗ ಉದುರಿದ ಗಂಧದ ಸುರುಳಿಗಳನ್ನೂ ಬಿಸಾಡದೆ ಹಾರಗಳನ್ನು ಮಾಡಿ ಮಾರಿದರು. ಕಸದಲ್ಲಿಯೂ ರಸವನ್ನು ಕಂಡ ಆ ಜಾಣ್ಮೆಯು ಮರೆಯತಕ್ಕುದಲ್ಲ.

ಬೆಲೆಯ ನ್ಯಾಯದ ವಿಷಯದಲ್ಲಿ ಶರಣರ ಚರಿತ್ರೆಯು ಭಕ್ತರಿಗೆ ತಿಳಿದುದೇ ಆಗಿದೆ. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗವನ್ನು ಹೊಸೆದು ಮಾರಿ ಬದುಕಿದವರು. ಆಯ್ದಕ್ಕಿಯ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹೆಚ್ಚಾದುದನ್ನು ಮರಳಿ ಸುರಿದ ಬಳಿಕವೇ ಬರಬೇಕೆಂದು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಮಕ್ಕಳೂ ಬಲ್ಲರು. ದುಡಿದವನು ತನ್ನ ಪಾಲಿಗಿಂತ ಹೆಚ್ಚನ್ನು ತೆಗೆದುಕೊಳ್ಳಬಾರದೆಂಬುದು ಆ ಕಥೆಯ ತಾತ್ಪರ್ಯ. ಈ ಉಪದೇಶಕ್ಕೆ ಇನ್ನೊಂದು ಮುಖವಿದೆ. ದುಡಿಸಿಕೊಂಡವನು ದುಡಿದವನ ಪಾಲಿಗಿಂತ ಕಡಿಮೆಯನ್ನು ಕೊಡಬಾರದು. ಮೊದಲನೆಯ ಮುಖವನ್ನು ಪುರಾಣಪ್ರವಚನಗಳಲ್ಲಿ ಎಲ್ಲರೂ ಕೇಳಿದ್ದಾರೆ. ಎರಡನೆಯದನ್ನು ಕೇಳಬೇಕಾದವರು ಕೊಳ್ಳುವವರು. ಕಾಯಕಕ್ಕೆ ಕೈಲಾಸದ ಗೌರವವನ್ನು ಕೊಟ್ಟ ಪರಂಪರೆಯವರು, ಕಾಯಕದವನು ಬಾಗಿಲಿಗೆ ಬಂದಾಗ ಅವನ ಕೂಲಿಯಲ್ಲಿ ಚೌಕಾಸಿಮಾಡಿ, ಅದೇ ದಿನ ಪ್ರಸಾದಕ್ಕೆಂದು ಧಾರಾಳವಾಗಿ ಖರ್ಚುಮಾಡಿದರೆ, ಆ ಧಾರಾಳವು ಯಾರ ಹಣದಿಂದ ಆದುದೆಂದು ಯೋಚಿಸಬೇಕು.

ಇದು ಮಠಗಳಿಗೂ ಭಕ್ತರಿಗೂ ಸಂಬಂಧಪಟ್ಟ ವಿಷಯ. ಅರಸರು ಅಳಿದ ಮೇಲೆ ಕೆತ್ತನೆಯ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿಸುವವರೆಂದರೆ ಮಠಗಳೂ ದೇವಾಲಯಗಳೂ ಆಗಿವೆ. ಹೊಸ ರಥ, ಗದ್ದುಗೆಯ ಮಂಟಪ, ಪಲ್ಲಕ್ಕಿ, ಮಹಾದ್ವಾರದ ಕದ, ಸ್ವಾಮಿಗಳ ಪೀಠ, ಇವುಗಳಲ್ಲಿ ಒಂದೊಂದು ಕೆಲಸವೂ ಒಂದು ಕುಟುಂಬಕ್ಕೆ ವರ್ಷದ ಅನ್ನವಾಗಬಲ್ಲದು. ಒಬ್ಬ ಹುಡುಗನನ್ನು ಉಳಿಯ ಬಳಿಯಲ್ಲಿಯೇ ಉಳಿಸಬಲ್ಲದು. ಉತ್ಸವಕ್ಕೆ ತಿಂಗಳಿರುವಾಗ ಅವಸರಪಡಿಸಿದರೆ ಯಂತ್ರದಿಂದ ಕೊರೆದ ಹಲಗೆಯೇ ಬರುವುದು. ವರ್ಷದ ಮುಂಚೆ ಹೇಳಿ, ಮರಕ್ಕೆ ಮುಂಗಡ ಕೊಟ್ಟು, ಕೆಲಸವು ನಡೆದಂತೆ ಕಂತುಕಂತಾಗಿ ಕೂಲಿಯನ್ನು ಸಲ್ಲಿಸಿದರೆ ಕೆಳದಿಯ ಮೇಲ್ಛಾವಣಿಗೆ ಸರಿಸಮನಾದುದು ಇಂದಿಗೂ ಆಗಬಲ್ಲದು. ರಥದ ಮೇಲೆ ದಾನಿಗಳ ಹೆಸರುಗಳನ್ನು ದೊಡ್ಡಕ್ಷರಗಳಲ್ಲಿ ಬರೆಯಿಸುವ ಪದ್ಧತಿ ಎಲ್ಲೆಡೆಯೂ ಇದೆ. ಆ ಹೆಸರುಗಳ ಕೆಳಗೆ, ಬಳ್ಳಿಗಾವೆಯ ದಾಸೋಜನಂತೆ, ಮಾಡಿದವನ ಹೆಸರನ್ನೂ ಊರನ್ನೂ ಒಂದು ಗೆರೆಯಲ್ಲಿ ಕೆತ್ತಿಸಿದರೆ ದಾನಿಯ ಕೀರ್ತಿಯು ಕುಂದದು. ಕಲಾವಿದನಿಗೆ ಮುಂದಿನ ಕೆಲಸವು ದೊರೆಯುವುದು.

ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗಗಳ ಕೋಟೆಗೋಡೆಗಳು ಇಂದು ಪಾಚಿಗಟ್ಟಿ ನಿಂತಿವೆ. ಆ ಕೋಟೆಗಳನ್ನು ಕಟ್ಟಿಸಿದ ಅಧಿಕಾರವು ಹೋಯಿತು; ಆ ಕಾಲದ ನಾಣ್ಯಗಳು ವಸ್ತುಸಂಗ್ರಹಾಲಯಗಳನ್ನು ಸೇರಿದವು. ಆದರೆ ಕೆಲಸಗಾರನ ವಿದ್ಯೆಯು ತಂದೆಯ ಕೈಯಿಂದ ಮಗನ ಕೈಗೆ ಬಂದು ಈಗಲೂ ಜೀವಂತವಾಗಿದೆ. ಎರಡೂವರೆ ಶತಮಾನಗಳ ಚರಿತ್ರೆಯು ತಿಳಿಸುವುದಿಷ್ಟೆ: ಗುಡಿಗಾರನ ಕೈ ಯಾವ ಕಾಲದಲ್ಲಿಯೂ ಸೋಲಲಿಲ್ಲ. ಸೋತುದು ಅವನಿಗೂ ಮರಕ್ಕೂ ಇದ್ದ ಹಕ್ಕು, ಅವನಿಗೂ ಕೊಳ್ಳುವವನಿಗೂ ಇದ್ದ ಪರಿಚಯ, ಅವನ ಕೃತಿಗೂ ಅವನ ಹೆಸರಿಗೂ ಇದ್ದ ನಂಟು. ಈ ಮೂರನ್ನು ಮರಳಿ ಕಟ್ಟುವ ಕೆಲಸದಲ್ಲಿ ಸರ್ಕಾರಕ್ಕೂ ಸಂಘಗಳಿಗೂ ಪಾಲಿದೆ. ಕೊಳ್ಳುವ ಭಕ್ತನ ಪಾಲು ಅವೆರಡಕ್ಕಿಂತ ಚಿಕ್ಕದಲ್ಲ. ತಕ್ಕ ಬೆಲೆಯನ್ನು ಸಂತೋಷದಿಂದ ಸಲ್ಲಿಸುವ ಕೈಯೂ, ತಕ್ಕ ಕೆಲಸವನ್ನು ನಿಷ್ಠೆಯಿಂದ ಮಾಡುವ ಕೈಯೂ ಈ ಮಲೆಯ ನಾಡಿನಲ್ಲಿ ಎಂದಿಗೂ ಜೊತೆಯಾಗಿರಲಿ. ಶುಭಮಸ್ತು.